ಮೊಸಳೆ ಮಗ್ಗುಲು ಬದಲಿಸಿದ ದಿನ

ಹೊಳೆ ದಾಟಲು ಬಂಡೆಗಳ ಎರಡು ಸಾಲುಗಳಿದ್ದವು. ಬಲಸಾಲಿನ ಪಕ್ಕ ಮೊಸಳೆಯ ಬೀಡು, ಎಡಸಾಲಿನಲ್ಲಿ ಭಯವಿರಲಿಲ್ಲ. ಸಿಂಗಿ ಎಂಬ ಕೋತಿಯೂ ಅವಳ ತಮ್ಮ ಮಾರನೂ ಇದನ್ನು ಬೇಗನೆ ಕಲಿತರು. ಮಾರ ಅಷ್ಟಕ್ಕೇ ನಿಲ್ಲಿಸಿದ. ಸಿಂಗಿಯನ್ನು ಮಾತ್ರ ಅಜ್ಜಿ ದಿನವೂ ಎಡಸಾಲಿನ ಮೇಲೆ ದಾಟಿಸುತ್ತಲೇ ಇದ್ದಳು. “ಕಲಿತಾಯ್ತಲ್ಲ ಅಜ್ಜಿ, ಇನ್ನೂ ಏಕೆ?” ಎಂದು ಸಿಂಗಿ ಗೊಣಗಿದರೂ ಅಜ್ಜಿ ಕೇಳಲಿಲ್ಲ.

ಒಂದು ದಿನ ಚಿರತೆಯೊಂದು ಅಕ್ಕ ತಮ್ಮಂದಿರನ್ನು ಹೊಳೆಯವರೆಗೂ ಅಟ್ಟಿಕೊಂಡು ಬಂತು. ಇಬ್ಬರೂ ಎಡಸಾಲಿಗೆ ಹಾರಿದರು. ಕಾಲಬುಡದಲ್ಲೇ ಮೊಸಳೆಯ ದವಡೆ ಕಟಕ್ಕೆಂದು ಮುಚ್ಚಿತು. ಬೆದರಿ ದಡಕ್ಕೆ ಮರಳಿದರೆ ಬೆನ್ನ ಹಿಂದೆ ಚಿರತೆ ಗುರುಗುಟ್ಟುತ್ತಿತ್ತು.

“ನಾನೇ ಎಲ್ಲೋ ತಪ್ಪು ಹೆಜ್ಜೆ ಇಟ್ಟೆ ಅಕ್ಕ. ಇನ್ನೊಮ್ಮೆ ಎಡಕ್ಕೇ ಹಾರೋಣ!” ಎಂದ ಮಾರ.

ಆದರೆ ಎಡಸಾಲಿನ ಮೇಲೆ ತನ್ನ ಹೆಜ್ಜೆ ತಪ್ಪುವುದಿಲ್ಲವೆಂದು ಸಿಂಗಿಗೆ ಖಾತ್ರಿಯಿತ್ತು.

“ತಪ್ಪಿದ್ದು ನಾವಲ್ಲ, ಮೊಸಳೆ ಜಾಗ ಬದಲಿಸಿದೆ. ಬಲಕ್ಕೆ ಬಾ!”

“ಬಲಕ್ಕೆ ಹೋದರೆ ಸಾವು!”

ಸಿಂಗಿ ಅವನ ರಟ್ಟೆ ಹಿಡಿದೆಳೆದುಕೊಂಡು ಬಲಸಾಲಿಗೆ ಹಾರಿದಳು. ಬಂಡೆಯಿಂದ ಬಂಡೆಗೆ ನೆಗೆಯುತ್ತ ಇಬ್ಬರೂ ಆಚೆ ದಡ ಮುಟ್ಟಿದರು.

ಮಾರ ಏದುಸಿರು ಬಿಡುತ್ತ ಕೇಳಿದ: “ನನಗಿಂತ ಹೆಚ್ಚು ಆ ದಾರಿಯಲ್ಲೇ ಪಳಗಿದವಳು ನೀನು. ಅದನ್ನು ಅಷ್ಟು ಬೇಗ ಹೇಗೆ ಬಿಟ್ಟೆ ಅಕ್ಕ?”

“ಅದನ್ನು ಪೂರ್ತಿ ಬಲ್ಲೆ ಕಣೋ,” ಎಂದಳು ಸಿಂಗಿ, “ಅದಕ್ಕೇ ಬಿಡಲು ಬಂತು.”