ಆ ದಾರಿಯಲ್ಲಿ ನೆರಳಿದೆ

“ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕುವುದು ಸಾಧ್ಯವಲ್ಲವೇ?”

ಹೀಗೆ ಕೇಳಿದವನು ಕೊಟ್ರೇಶ. ಕೇಳುವಾಗಲೇ ಉತ್ತರವನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಗುಡ್ಡದ ಹಿಂದಿನ ಆ ಮಠಕ್ಕೆ ಬರಲು ಹಿಂದೆಲ್ಲ ಅವನಿಗೆ ಯಾರಾದರೂ ಜೊತೆಗಾರರು ಬೇಕಾಗುತ್ತಿತ್ತು. ಈ ಸಲ ಒಬ್ಬನೇ ಬೈಕಿನಲ್ಲಿ ಬಂದಿದ್ದ. ಫೋನು ಹೇಳಿದಲ್ಲಿ ತಿರುಗಿದ್ದ, ಫೋನು ಹೇಳಿದಲ್ಲಿ ನಿಂತಿದ್ದ. ದಾರಿಯುದ್ದಕ್ಕೂ ಒಬ್ಬನನ್ನೂ ಏನೂ ಕೇಳಿರಲಿಲ್ಲ. ಯಾರಿಗೂ ಉಪಕಾರವಾಯಿತು ಎನ್ನಬೇಕಾದ ಪ್ರಸಂಗ ಬರಲಿಲ್ಲವೆಂಬುದನ್ನು ಅವನು ಗುರುಗಳಿಗೆ ಎರಡು ಸಲ ಹೇಳಿದ. ಇಂಥದ್ದೇ ಬಿಡುಗಡೆ ಇರಬಹುದೇನೋ ಎಂಬ ಅನುಮಾನವನ್ನೂ ಸೇರಿಸಿದ.

ಗುರುಗಳು ಮೊರದಲ್ಲಿ ಅವರೆಕಾಯಿ ಹರಡಿಕೊಂಡು ಸುಲಿಯುತ್ತಿದ್ದರು. ಅವನ ಕಡೆಗೂ ಒಂದು ಹಿಡಿ ಕಾಯಿ ಸರಿಸಿದರು. ಅವನು ಸುಲಿಯತೊಡಗಿದ ಮೇಲೆ ಈ ಕತೆ ಹೇಳಿದರು.

ಅಣೆಕಟ್ಟಿನ ಕೆಳಗಿನ ಒಂದೂರಿನಲ್ಲಿ ಒಬ್ಬ ಮೀನುಮರಿ ವ್ಯಾಪಾರಿ ಇದ್ದ. ಕೊಳಗಳಲ್ಲಿ ಮರಿ ಬೆಳೆಸಿ, ಮಳೆಗಾಲದಲ್ಲಿ ಕೆರೆ ತುಂಬಿದ ಊರುಗಳಿಗೆ ಒಯ್ದು ಕೊಡುವುದು ಅವನ ಕಸುಬು. ಹೊರಡುವ ಹಿಂದಿನ ದಿನ ಮರಿಗಳನ್ನು ಉಪವಾಸ ಕೆಡವುತ್ತಿದ್ದ, ತಿಂದ ಮರಿ ದಾರಿಯಲ್ಲಿ ನೀರು ಕೆಡಿಸುತ್ತದೆ. ಬೆಳಿಗ್ಗೆ ಪ್ಲಾಸ್ಟಿಕ್ ಚೀಲಗಳಿಗೆ ಸ್ವಲ್ಪ ನೀರು, ಅದರೊಳಗೆ ಮರಿ, ಮೇಲೆ ಆಕ್ಸಿಜನ್ ತುಂಬಿ ಬಾಯಿ ಕಟ್ಟುತ್ತಿದ್ದ. ಹಾಗೆ ಕಟ್ಟಿದ ಚೀಲದಲ್ಲಿ ಮರಿಗಳಿಗೆ ಅರ್ಧ ದಿನದ ಉಸಿರು. ಬಿಸಿಲು ತಗುಲಿದರೆ ಅದರಲ್ಲೂ ಅರ್ಧ. ಆದ್ದರಿಂದ ಆ ಕಸುಬಿನಲ್ಲಿ ಮರಿ ಬೆಳೆಸುವುದು ಎಷ್ಟು ಮುಖ್ಯವೋ ದಾರಿ ತಪ್ಪದಿರುವುದೂ ಅಷ್ಟೇ ಮುಖ್ಯ.

ವ್ಯಾಪಾರಿ ಕೆಲಸಗಾರ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಬೇರೆಯವರ ತಪ್ಪು ಕಂಡರೆ ಅವನಿಗೆ ಮೈಯೆಲ್ಲ ಉರಿ. ತನ್ನ ತಪ್ಪು ಅವನಿಗೆ ಕಂಡದ್ದು ಕಡಿಮೆ.

ಅವನ ಟೆಂಪೋ ಓಡಿಸುತ್ತಿದ್ದವನು ಅವನ ಹೆಂಡತಿಯ ತಮ್ಮ, ತಿಪ್ಪೇಸ್ವಾಮಿ. ಎಂಟು ವರ್ಷ ಓಡಿಸಿದ್ದ. ಒಂದು ವರ್ಷ ದೂರದ ಒಂದು ದೊಡ್ಡ ಕೆರೆಗೆ ನಲವತ್ತು ಚೀಲ ಮರಿ ತೆಗೆದುಕೊಂಡು ಹೋದ. ಹೊಸ ಹೆದ್ದಾರಿ ಬಂದು ಹಳೆಯ ತಿರುವುಗಳೆಲ್ಲ ಗುರುತು ಸಿಗದಂತಾಗಿದ್ದವು. ಹಾಗಾಗಿ ಫೋನಿನ ನಕ್ಷೆಯನ್ನು ನಂಬಿ ಹೋದ. ನಕ್ಷೆ ಅವನನ್ನು ಎಲ್ಲಿಗೆ ಕೊಂಡೊಯ್ದಿತೋ, ಅವನು ಆ ಕೆರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ನಲವತ್ತು ಚೀಲದಲ್ಲೂ ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಸಂಜೆ ತಿಪ್ಪೇಸ್ವಾಮಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ತೆರೆದ. ಎಲ್ಲಿ ಸಿಕ್ಕಿಬಿದ್ದೆ ಎಂದು ತೋರಿಸಲು ಫೋನನ್ನೂ ಮುಂದೆ ಹಿಡಿದ. ವ್ಯಾಪಾರಿ ಆ ಕೈಯನ್ನು ತಳ್ಳಿದ. ಕೊಳದ ಕೆಲಸದವರೆಲ್ಲ ನೋಡುತ್ತಿದ್ದರು, ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲರ ಮುಂದೆಯೇ ಹೇಳಿದ:

“ದಾರಿ ತಪ್ಪಿದವನ ಕತೆ ಕೇಳಿ ನನಗೇನಾಗ್ಬೇಕೋ? ಕೀಲಿ ಇಡು. ಇನ್ಮೇಲೆ ನನ್ನ ಗಾಡಿ ಮುಟ್ಬೇಡ.”

ತಿಪ್ಪೇಸ್ವಾಮಿ ಕೀಲಿ ಇಟ್ಟು ಹೋದ. ಪೇಟೆಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಕ್ಕನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಅಕ್ಕ ಹಬ್ಬಕ್ಕೆ ಹೋಳಿಗೆ ಮಾಡುವುದನ್ನು ನಿಲ್ಲಿಸಿದಳು. ಏಕೆಂದು ಕೇಳುವ ಧೈರ್ಯ ವ್ಯಾಪಾರಿಗೆ ಬರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಒಪ್ಪಿಕೊಳ್ಳಲು ಮಾತ್ರ ಆಗಲಿಲ್ಲ.

ಮರುವರ್ಷ ಕೆರೆ ಮತ್ತೆ ತುಂಬಿತು. ಆ ಕೆರೆಯ ಮೀನುಗಾರರು ಹಿಂದಿನ ವರ್ಷ ಬಲೆಯನ್ನೇ ಬಿಚ್ಚಿರಲಿಲ್ಲ. ಆದರೂ ಹಳೆಯ ಪರಿಚಯವೆಂದು ಇನ್ನೊಂದು ಸಲ ವ್ಯಾಪಾರಿಗೇ ಹೇಳಿ ಕಳಿಸಿದರು. ಜೊತೆಗೆ ಒಂದು ಮಾತು ಸೇರಿಸಿದರು: ಈ ಸಲವೂ ಸತ್ತ ಮರಿ ಬಂದರೆ ನಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಆ ಕೆರೆ ಕೈ ತಪ್ಪಿದರೆ ಅಕ್ಕಪಕ್ಕದ ಏಳೆಂಟು ಕೆರೆಗಳೂ ಕೈ ತಪ್ಪುತ್ತವೆ ಎಂದು ವ್ಯಾಪಾರಿಗೆ ಗೊತ್ತಿತ್ತು. ಅದಕ್ಕೇ ಯಾರ ಕೈಗೂ ಗಾಡಿ ಕೊಡದೆ ತಾನೇ ಹೊರಟ. ಬೆಳಕು ಹರಿಯುವಾಗ ಚೀಲಗಳನ್ನು ಜೋಡಿಸಿ, ಮೇಲೆ ಒದ್ದೆ ಗೋಣಿ ಹೊದಿಸಿದ. ಹೆದ್ದಾರಿಯ ತಿರುವುಗಳು ಅವನಿಗೂ ತಿಳಿಯವು. ಬೈದುಕೊಂಡೇ ಫೋನನ್ನು ಎದುರಿಗೆ ಸಿಕ್ಕಿಸಿ ನಕ್ಷೆ ಹಾಕಿದ.

ಹೆದ್ದಾರಿಯಲ್ಲಿ ತೊಂದರೆಯಾಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಹಳ್ಳಿಯ ರಸ್ತೆ ಹಿಡಿದ. ಬಿಸಿಲು ಏರುತ್ತಿತ್ತು. ಒಂದು ಕಡೆ ದಾರಿ ಎರಡಾಯಿತು. ನೇರ ಹೋದರೆ ಒಂದು ಹಳೆಯ ಕಟ್ಟೆಯ ಏರಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಆ ಏರಿಯ ಮೇಲೆ ಎತ್ತಿನ ಗಾಡಿಯಲ್ಲಿ ಹೋದ ನೆನಪು ಅವನಿಗಿತ್ತು. ಅದನ್ನು ದಾಟಿದರೆ ಕೆರೆ ಕೂಗಳತೆಯಲ್ಲಿ. ಫೋನು ಮಾತ್ರ ಎಡಕ್ಕೆ ತಿರುಗಿ ಎಂದಿತು. ಎಡದ ದಾರಿ ಊರೂರು ಸುತ್ತಿ ಬರುವ ದಾರಿ, ಅರ್ಧ ಗಂಟೆ ಹೆಚ್ಚು.

ವ್ಯಾಪಾರಿ ಗಾಡಿ ನಿಲ್ಲಿಸಿದ. ಅವನಿಗೆ ಸಿಟ್ಟು ಬಂತು, ಒಳಗೊಳಗೆ ಖುಷಿಯೂ ಆಯಿತು. ಇದೇ ಫೋನಿನ ಮಾತು ಕೇಳಿ ಆ ಮಹಾಶಯ ಊರು ಸುತ್ತಿ ಮರಿ ಸಾಯಿಸಿದ್ದಾನೆ, ತಾನು ಬೈದದ್ದು ಸರಿಯಾಗಿಯೇ ಇದೆ ಎಂದುಕೊಂಡ. ಮನುಷ್ಯನಿಗೆ ತಾನು ಬೈದದ್ದು ಸರಿ ಎಂದು ರುಜುವಾತಾಗುವುದಕ್ಕಿಂತ ರುಚಿಯಾದ ಊಟ ಬೇರೆ ಇಲ್ಲ. ನೇರ ಹೋಗಲು ಗೇರು ಹಾಕಿದ. ಫೋನು ಮತ್ತೆ ಎಡಕ್ಕೆ ಎಂದಿತು. ಅದರ ಬಾಯಿ ಮುಚ್ಚಿಸಲೆಂದು ಬೆರಳು ಒತ್ತಿದ. ಒತ್ತಿದ ಜಾಗದಲ್ಲಿ, ನಕ್ಷೆಯಲ್ಲಿನ ಏರಿಯ ಮೇಲೆ, ಒಂದು ಕೆಂಪು ಗುರುತಿತ್ತು. ಅದು ತೆರೆದುಕೊಂಡಿತು.

ಒಂದು ಚಿತ್ರ ಬಂತು. ನಡುವೆ ಒಡೆದುಹೋದ ಏರಿ. ಆ ಕಡೆಗೂ ಈ ಕಡೆಗೂ ನಡುವೆ ಎರಡಾಳು ಆಳದ ಕಂದಕ, ತಳದಲ್ಲಿ ನೀರು. ಚಿತ್ರದ ಒಂದು ಮೂಲೆಯಲ್ಲಿ ನೀಲಿ ಟೆಂಪೋದ ಹಿಂಬಾಗಿಲು, ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ ಅವನ ತಾಯಿಯ ಹೆಸರು. ಅದು ಅವನು ಈಗ ಕುಳಿತಿರುವ ಗಾಡಿ. ಕೆಳಗೆ ಯಾರೋ ನಾಲ್ಕು ಸಾಲು ಬರೆದಿದ್ದರು:

“ಇಲ್ಲಿ ಏರಿ ಒಡೆದಿದೆ. ಹತ್ತಿದ ಮೇಲೆ ಗಾಡಿ ತಿರುಗಿಸಲು ಜಾಗವಿಲ್ಲ, ಅರ್ಧ ಮೈಲಿ ಹಿಂದಕ್ಕೇ ಬರಬೇಕು. ಮೀನುಮರಿ ತರುವವರು ಎಡಕ್ಕೆ ಹೋಗಿ. ಆ ದಾರಿಯಲ್ಲಿ ನೆರಳಿದೆ.”

ಬರೆದವನ ಹೆಸರು ತಿಪ್ಪೇಸ್ವಾಮಿ.

ಅಂದು ಸಂಜೆ ಅವನು ಮುಂದೆ ಹಿಡಿದಿದ್ದ ಫೋನಿನಲ್ಲಿ ಇದ್ದದ್ದು ಈ ಚಿತ್ರವೇ. ಅದನ್ನು ಬರೆದ ತಾರೀಖನ್ನು ವ್ಯಾಪಾರಿ ನೋಡಿದ. ಮರಿ ಸತ್ತು ನಾಲ್ಕು ದಿನವಾದ ಮೇಲಿನ ತಾರೀಖು. ಕೀಲಿ ಆಗ ವ್ಯಾಪಾರಿಯ ಸೊಂಟದಲ್ಲಿತ್ತು. ಮರಿ ಸತ್ತ ದಿನ ತಿಪ್ಪೇಸ್ವಾಮಿ ಹೆದ್ದಾರಿಯ ಕಡೆಯಿಂದಲೇ ಸುತ್ತಿ ಕೆರೆಗೆ ಬಂದಿದ್ದನೆಂದು ಮೀನುಗಾರರು ಹೇಳಿದ್ದರು. ಹಾಗಿದ್ದ ಮೇಲೆ ಎಡದ ದಾರಿಯಲ್ಲಿ ನೆರಳಿದೆಯೆಂದು ಅವನಿಗೆ ತಿಳಿದದ್ದು ಹೇಗೆ? ಬಸ್ಸು ಹತ್ತಿ ಇಲ್ಲಿಯವರೆಗೆ ಬಂದಿರಬೇಕು. ಇಲ್ಲಿಂದ ಕೆರೆಯವರೆಗೆ ನಡೆದೇ ಹೋಗಿರಬೇಕು. ಕೆಲಸ ಕಳೆದುಕೊಂಡವನಿಗೆ ಈ ದಾರಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ನಡೆದು ನೋಡಿದ್ದ, ಮುಂದೆ ಬರುವ ಮರಿಗಳಿಗಾಗಿ.

ಅದರ ಕೆಳಗೆ ಬೇರೆ ಬೇರೆಯವರು ಬರೆದದ್ದಿತ್ತು. ಹಾಲಿನ ವ್ಯಾನಿನವನೊಬ್ಬ ಉಪಕಾರವಾಯಿತು ಅಣ್ಣ ಎಂದಿದ್ದ. ದಿಬ್ಬಣದ ಬಸ್ಸಿನವನೊಬ್ಬ ಐವತ್ತು ಜನರ ಪ್ರಾಣ ಉಳಿಯಿತು ಎಂದಿದ್ದ. ಹೆರಿಗೆಗೆ ಮಗಳನ್ನು ಕರೆದೊಯ್ಯುತ್ತಿದ್ದ ಒಬ್ಬ ತಾಯಿ ಗಂಡು ಮಗು ಎಂದಷ್ಟೇ ಬರೆದಿದ್ದಳು. ಹೀಗೆ ಮೂವತ್ತು ನಲವತ್ತು ಜನ. ಊರು ಗೊತ್ತಿಲ್ಲದವರು, ಮುಖ ಗೊತ್ತಿಲ್ಲದವರು ಎಲ್ಲರೂ ಅವನಿಗೆ ಕೈಮುಗಿದಿದ್ದರು. ಎಂಟು ವರ್ಷ ಅವನು ದುಡಿದುಕೊಟ್ಟ ಮನೆಯವನೊಬ್ಬನೇ ಬಾಕಿ.

ವ್ಯಾಪಾರಿ ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಹಿಂದೆ ಚೀಲಗಳಲ್ಲಿ ಮರಿಗಳು ಬಡಿದಾಡುವ ಸಣ್ಣ ಸದ್ದು ಕೇಳಿತು. ಅಳುತ್ತ ಕೂರುವಷ್ಟು ಹೊತ್ತು ಅವಕ್ಕಿರಲಿಲ್ಲ. ಕಣ್ಣೊರೆಸಿಕೊಂಡು ಗಾಡಿಯನ್ನು ಎಡಕ್ಕೆ ತಿರುಗಿಸಿದ.

ಆ ದಾರಿಯುದ್ದಕ್ಕೂ ಹುಣಸೆಮರಗಳಿದ್ದವು. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಗೋಣಿ ಒಣಗುವ ಮೊದಲೇ ಕೆರೆ ಬಂತು.

ಮೀನುಗಾರರು ದಡದಲ್ಲಿ ಕಾದಿದ್ದರು. ಕಟ್ಟಿದ ಚೀಲಗಳನ್ನು ಹಾಗೆಯೇ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರಲಿ ಎಂದು ಅರ್ಧ ಗಂಟೆ ಕುಳಿತರು. ಆಮೇಲೆ ಹಿರಿಯನೊಬ್ಬ ಮೊದಲ ಚೀಲದ ಬಾಯಿ ಬಿಚ್ಚಿ ಬಗ್ಗಿಸಿದ. ಮರಿಗಳು ಒಂದು ಕ್ಷಣ ನಿಂತು, ತಲೆ ತಿರುಗಿಸಿ ಕೆರೆಯೊಳಕ್ಕೆ ಹೋದವು. ಎಲ್ಲ ಚೀಲ ಬಿಚ್ಚಿದರು. ಸತ್ತದ್ದು ಒಂದು ಹಿಡಿಯೂ ಸಿಗಲಿಲ್ಲ.

ಆ ಕೆರೆಯವರಲ್ಲಿ ಒಂದು ಪದ್ಧತಿ. ಜೀವಂತ ಮರಿ ತಂದವನ ಹೆಗಲಿಗೆ ಹೊಸ ಟವೆಲ್ ಹಾಕಿ ಎಲೆಅಡಿಕೆ ಕೊಡುತ್ತಾರೆ. ಹಿರಿಯ ಟವೆಲ್ ಬಿಡಿಸಿದ. ವ್ಯಾಪಾರಿ ಹೆಗಲೊಡ್ಡಲಿಲ್ಲ, ಎರಡೂ ಕೈಚಾಚಿ ಅದನ್ನು ಇಸಿದುಕೊಂಡ. ಇದು ಸೇರಬೇಕಾದವನು ಬೇರೆ ಇದ್ದಾನೆ, ಮುಟ್ಟಿಸುತ್ತೇನೆ ಎಂದ. ಹಿರಿಯನಿಗೆ ಅರ್ಥವಾಗಲಿಲ್ಲ. ಆದರೂ ಎಲೆಅಡಿಕೆಯನ್ನು ಅದರಲ್ಲೇ ಕಟ್ಟಿಕೊಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ನೀಲಿ ಟೆಂಪೋ ಪೇಟೆಯ ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ತಿಪ್ಪೇಸ್ವಾಮಿ ಒಂದು ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ. ತಲೆಯೆತ್ತಿ ಭಾವನನ್ನು ಕಂಡು ಎದ್ದು ನಿಂತ. ದಾರಿಯುದ್ದಕ್ಕೂ ವ್ಯಾಪಾರಿ ಆಡಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದ. ಅದನ್ನೆಲ್ಲ ಬಿಟ್ಟು ಟವೆಲನ್ನು ಅವನ ಹೆಗಲಿಗೆ ಹಾಕಿದ. ಕೈಯಲ್ಲಿ ಎಲೆಅಡಿಕೆ ಇಟ್ಟ, ಅದರ ಮೇಲೆ ಗಾಡಿಯ ಕೀಲಿ ಇಟ್ಟ. ತಿಪ್ಪೇಸ್ವಾಮಿಗೆ ಆ ಟವೆಲಿನ ಅರ್ಥ ಗೊತ್ತಿತ್ತು. ಎಂಟು ವರ್ಷ ಅಂಥ ಟವೆಲು ಹಾಕಿಸಿಕೊಂಡಿದ್ದವನು ಅವನು. ಅವನು ಕೀಲಿಯ ಕಡೆ ನೋಡಲಿಲ್ಲ.

“ಮರಿ ಉಳ್ಕಂಡ್ವಾ ಭಾವ?” ಎಂದ.

“ಎಲ್ಲಾ ಉಳ್ಕಂಡ್ವಪ್ಪ. ನೀನು ನಡೆದ ದಾರೀಲೇ ತಂದೆ.”

ಅಂಗಡಿಯ ಯಜಮಾನ ನೋಡುತ್ತಿದ್ದಾನೆಂಬುದನ್ನೂ ಮರೆತು ಇಬ್ಬರೂ ಅತ್ತರು. ಆ ವರ್ಷದ ಹಬ್ಬಕ್ಕೆ ಆ ಮನೆಯಲ್ಲಿ ಹೋಳಿಗೆ ಬೆಂದಿತು. ಹೆಂಡತಿ ಮೊದಲ ಹೋಳಿಗೆಯನ್ನು ತಮ್ಮನಿಗೆ ಬಡಿಸಿದಳು, ಎರಡನೆಯದನ್ನು ಗಂಡನಿಗೆ, ತುಪ್ಪ ಮಾತ್ರ ಗಂಡನಿಗೇ ಹೆಚ್ಚು ಹಾಕಿದಳು.

ಗುರುಗಳು ಕತೆ ನಿಲ್ಲಿಸಿ ಮೊರ ಕೊಡವಿದರು. ಕೊಟ್ರೇಶನ ಮುಂದಿನ ಕಾಯಿ ಅರ್ಧಕ್ಕೇ ಉಳಿದಿತ್ತು. ಬೆಳಿಗ್ಗೆ ತಾನು ಎಲ್ಲೆಲ್ಲಿ ತಿರುಗಿದೆ, ಯಾವ ಯಾವ ದಾರಿಯನ್ನು ಫೋನು ಬಿಡಿಸಿತು ಎಂದು ಅವನು ಒಂದೊಂದಾಗಿ ನೆನೆಯುತ್ತಿದ್ದ. ಬಿಡಿಸಿದ ಪ್ರತಿ ದಾರಿಯಲ್ಲೂ ಯಾರೋ ಒಬ್ಬ ಸಿಕ್ಕಿಬಿದ್ದು, ಹಿಂದೆ ಬಂದು, ಮನೆಯಲ್ಲಿ ಬೈಸಿಕೊಂಡಿರಬಹುದು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಎದೆ ತುಂಬಿ ಬಂತು. ಯಾರಿಗಾದರೂ ಒಂದು ಮಾತು ಹೇಳಬೇಕೆನಿಸಿತು, ಯಾರಿಗೆಂದು ತಿಳಿಯಲಿಲ್ಲ.

“ಆ ವ್ಯಾಪಾರಿ ಪುಣ್ಯವಂತ, ಗುರುಗಳೇ,” ಎಂದ. “ಅವನಿಗೆ ಹೆಸರು ಸಿಕ್ಕಿತು. ಹೋಗಿ ಕೈಮುಗಿದ. ನನಗೋಸ್ಕರ ದಾರಿ ತಪ್ಪಿದವರು ಯಾರೆಂದು ನನಗೆ ಗೊತ್ತೇ ಇಲ್ಲವಲ್ಲ.”

ಗುರುಗಳು ಹೇಳಿದರು: “ಹಾಗಾದರೆ ಇನ್ನು ಮೇಲೆ ದಾರಿ ತಪ್ಪಿದವನು ಯಾವನೇ ಎದುರಾದರೂ, ಇವನೇ ಅವನಿರಬಹುದು ಎಂದುಕೊ.”