ಲಕಮಪ್ಪ ಬಸ್ ನಿಲ್ಲಿಸಿದ್ದು

ನಮ್ಮೂರ ಲಕಮಪ್ಪನ ಬುದ್ಧಿಯ ಮುಂದೆ ಎಂಥ ಶಾಸಕರೂ ಮಂಡಿಯೂರಬೇಕು, ತಿಳೀರಿ. ಕ್ರಾಸಿನಲ್ಲಿ ಅವನದೊಂದು ಚಹಾದಂಗಡಿ. ಹೆಂಡತಿ ತೀರಿದ ಮೇಲೆ ಮಾತಿಗೂ ಗಿರಾಕಿಯೇ ಗತಿ. ರಸ್ತೆ ಅಗಲವಾದ ಮೇಲೆ ಬಸ್ಸುಗಳು ಅಲ್ಲಿ ನಿಲ್ಲುವುದನ್ನೇ ಬಿಟ್ಟವು. ಗಿರಾಕಿಗಳಿಲ್ಲದೆ ಲಕಮಪ್ಪ ಚಹಾದ ಕಿಟ್ಲಿಯ ಜೊತೆ ಮಾತಾಡತೊಡಗಿದ.

ಅಂಥ ಕಡೆ ಶಾಸಕರು ಬಸ್ ತಂಗುದಾಣ ಕಟ್ಟಿಸಿದರು. ಊರ ಹೆಸರಿಗಿಂತ ಅವರ ಫೋಟೋನೇ ದೊಡ್ಡದು. ಸಾಧನೆಯ ವಿಡಿಯೋ ಮಾಡಿಸಲು ತಾವೇ ಬಂದ ಶಾಸಕರು ಲಕಮಪ್ಪನಿಗೆ ಗದರಿದರು: “ಲೇ, ನಮ್ಮಿಂದ ಭಾಳ ಅನುಕೂಲ ಆತು ಅಂತ ಮೊಬೈಲ್ ನೋಡಿ ಹೇಳು.”

“ಹೇಳ್ತೀನ್ರೀ ಸಾಹೇಬ್ರ. ಆದ್ರ ಬಸ್ ಹತ್ತಿಕೋತ ಹೇಳಿದ್ರ ಖದರ್ ಇರ್ತೈತಿ. ಕುಂದರ್ರಿ, ಬಸ್ ಬರ್ಲಿ.”

ಮಾತು ಹಿಡಿಸಿತು, ಶಾಸಕರು ಕುಳಿತರು. ಒಂದು ಬಸ್ ಬಂತು. ನಿಲ್ಲದೆ ಅವರ ಬಿಳಿ ಅಂಗಿಗೆ ಧೂಳು ಬಡಿದು ಹೋಯಿತು. ಇನ್ನೊಂದೂ ಹಾಗೇ. ಶಾಸಕರು ಕೆಂಡವಾಗಿ ಡಿಪೋಗೆ ಫೋನ್ ಹಚ್ಚಿ ಒದರಿದರು: “ಇನ್ಮುಂದ ಎಲ್ಲಾ ಬಸ್ಸೂ ಇಲ್ಲಿ ನಿಲ್ಲಬೇಕು!”

ಮುಂದಿನ ಬಸ್ ನಿಂತಿತು. ಲಕಮಪ್ಪ ಮೆಟ್ಟಿಲ ಮೇಲೆ ಕಾಲಿಟ್ಟು, ಶಾಸಕರನ್ನು ಬಾಯ್ತುಂಬ ಹೊಗಳಿ, ಕೆಳಗಿಳಿದುಬಿಟ್ಟ.

“ಯಾಕಲೇ, ಹೋಗೂದಿಲ್ಲೇನು?”

“ಯಾರ ಮನಿಗೆ ಹೋಗ್ಲಿರೀ, ನನಗ ಯಾರದಾರ? ಯಾರರ ಇಳೀಲಿ ಅಂತ ನಿಲ್ಲಿಸಿದ್ನಿ,” ಎಂದವನು ಬಸ್ಸಿನ ಬಾಗಿಲನ್ನೇ ನೋಡುತ್ತ ನಿಂತ.