ಎರಡು ಮನೆಯ ಮಾತು

ಹೊಳೆದಂಡೆಯ ಆ ಆಶ್ರಮದಲ್ಲಿ ದಿನ ಆರಂಭವಾಗುತ್ತಿದ್ದುದು ಪದಬಂಧದಿಂದ. ಗುರುಗಳು ಒದ್ದೆ ಮರಳಿನ ಮೇಲೆ ಕೋಲಿನಿಂದ ಮನೆಗಳನ್ನು ಗೀಚಿ ಸುಳಿವು ಹೇಳುವರು. ಶಿಷ್ಯೆಯರು ತಮ್ಮ ತಮ್ಮ ಮುಂದೆ ಅವೇ ಮನೆಗಳನ್ನು ಬರೆದುಕೊಂಡು, ಮನೆಗೊಂದು ಅಕ್ಷರ ತುಂಬಬೇಕು. ಕೊನೆಯ ಉತ್ತರವನ್ನು ಮಾತ್ರ ಗುರುಗಳ ಕಿವಿಯಲ್ಲಿ ಹೇಳಬೇಕು.

ಅಂದು ಗುರುಗಳು ಹೇಳಿದರು: "ಇವತ್ತು ಮೊದಲು ಬಿಡಿಸಿದವಳು ನಾಳೆಯಿಂದ ನನ್ನ ಜಾಗದಲ್ಲಿ ಕುಳಿತು ಸುಳಿವು ಕಟ್ಟಲಿ. ನನಗೆ ವಯಸ್ಸಾಯಿತು."

ಹೈಮವತಿ ಮರಳಿನತ್ತ ಬಾಗಿ ಕುಳಿತಳು. ಆ ಜಾಗದ ಆಸೆಗೇ ಅವಳು ಮನೆ ಬಿಟ್ಟು ಬಂದಿದ್ದಳು.

"ಬೇಟೆಗಾರ ಏನನ್ನೂ ಒಲ್ಲ. ಎರಡಕ್ಷರ."

ಗುರುಗಳ ಬಾಯಿ ಮುಚ್ಚುವ ಮೊದಲೇ ಹೈಮವತಿ 'ಬೇಡ' ಎಂದು ಬರೆದಾಗಿತ್ತು. ಪಕ್ಕದ ಭಾಗೀರಥಿ ಇನ್ನೂ ಬೆರಳು ಕಚ್ಚುತ್ತಿದ್ದಳು.

ಒಂದೊಂದಾಗಿ ಮನೆಗಳು ತುಂಬಿದವು. ಉಳಿದದ್ದು ಕೊನೆಯದು.

"ಕೇಳಿದರೆ ಇಲ್ಲವೆನ್ನುತ್ತದೆ, ಕೇಳದೆಯೇ ತಲೆ ಕಾಯುತ್ತದೆ. ಎರಡಕ್ಷರ."

ಹೈಮವತಿ ಓಡಿಹೋಗಿ ಕಿವಿಯಲ್ಲಿ ಉಸುರಿದಳು: "ದೇವರು."

"ದೇವರಿಗೆ ಮೂರು ಮನೆ ಬೇಕು. ಅವಸರದಲ್ಲಿ ಎಣಿಸುವುದನ್ನೂ ಮರೆತೆಯಾ?"

ಮತ್ತೆ ಓಡಿದಳು. "ಶಿವ."

"ಶಿವ ಕೇಳಿದವರಿಗೆಲ್ಲ ಕೊಟ್ಟೇ ಕೆಟ್ಟ. ಹೋಗು."

ಹಿಂತಿರುಗಿ ಬಂದಾಗಷ್ಟೇ ಗಮನಿಸಿದಳು: ಅಡ್ಡಸಾಲಿನ ಉತ್ತರದಿಂದ ಮೊದಲ ಮನೆಗೆ ಆಗಲೇ 'ಕೊ' ಬಂದಿತ್ತು. ಇನ್ನೊಂದೇ ಅಕ್ಷರ. ನಾಲಿಗೆಯ ತುದಿಯಲ್ಲೇ ಇದೆ, ಜಾರಿ ಬೀಳುತ್ತಿಲ್ಲ.

"ಅಕ್ಕಾ, ನನಗೆ ಅಡ್ಡಸಾಲೇ ಬಿಡಿಸಲಾಗಲಿಲ್ಲ," ಎಂದಳು ಭಾಗೀರಥಿ, ಕತ್ತು ಚಾಚಿ. "ನಿನಗೆ ಸಿಕ್ಕಿದ ಅಕ್ಷರ ನನಗೂ ಕೊಡಕ್ಕಾ."

ಹೈಮವತಿ 'ಕೊ' ಮೇಲೆ ಅಂಗೈ ಮುಚ್ಚಿದಳು.

"ಕೊಡೆ."

ಭಾಗೀರಥಿ ಕಣ್ಣರಳಿಸಿ ಅವಳನ್ನೇ ನೋಡಿದಳು. ಮರುಕ್ಷಣ ಸೆರಗು ಸಿಕ್ಕಿಸಿ ಗುರುಗಳತ್ತ ಓಡಿದಳು.

ಗುರುಗಳು ನಕ್ಕರು. "ಎಲ್ಲರಿಗೂ ಕೇಳುವಂತೆ ಹೇಳು."

"ಮಳೆಗೂ ಬಿಸಿಲಿಗೂ ತಲೆ ಕಾಯುವುದು ಕೊಡೆ. ಕೇಳಿದರೆ ಇಲ್ಲವೆನ್ನುವವರ ಮಾತೂ ಅದೇ, ಕೊಡೆ." ಅವಳು ತಲೆ ತಗ್ಗಿಸಿದಳು. "ಆದರೆ ಗುರುಗಳೇ, ಉತ್ತರ ನನ್ನದಲ್ಲ. ಅಕ್ಕ ಕೊಟ್ಟದ್ದು."

"ನಾನೆಲ್ಲಿ ಕೊಟ್ಟೆ?" ಹೈಮವತಿ ಧಡಕ್ಕನೆ ಎದ್ದಳು. "ಕೊಡೆ ಅಂದೆ, ಅಷ್ಟೇ—"

ತನ್ನ ಮಾತು ತನ್ನ ಕಿವಿಗೇ ಬಿತ್ತು.

ಗುರುಗಳು ಎದ್ದು, ಭಾಗೀರಥಿಯ ಭುಜ ಹಿಡಿದು ತಮ್ಮ ಜಾಗದಲ್ಲಿ ಕೂರಿಸಿದರು.

ಹೈಮವತಿ ಹತ್ತಿರ ಬಂದು ಕೇಳಿದಳು: "ನಾನೇನು ಮಾಡಲಿ, ಗುರುಗಳೇ?"

"ಬಿಸಿಲೇರುತ್ತಿದೆ, ಮಗೂ. ಬಾಯಲ್ಲಿ ಮಡಚಿಟ್ಟುಕೊಂಡಿದ್ದೀಯಲ್ಲ, ಆ ಕೊಡೆಯನ್ನು ಇವಳ ತಲೆಯ ಮೇಲೆ ಬಿಚ್ಚು."